ಗಟ್ಟಿ ಮೀನು ಅಂದರೆ ಸಾಯದ ಮೀನಲ್ಲ

ಈ ಸಂಚಿಕೆಗೆ ಏನಾದರೂ ಬರೆದುಕೊಡು ಅಂತ ಬಳಗದ ಗೆಳೆಯರು ಮೂರು ವಾರದಿಂದ ಬೆನ್ನು ಹತ್ತಿದ್ದಾರೆ. ಕವಿತೆ ಬರೆಯೋಣವೆಂದರೆ ನಮ್ಮ ಬಳಗದಲ್ಲಿ ಓದುವವರಿಗಿಂತ ಕವಿಗಳೇ ಹೆಚ್ಚು. ಕಥೆ ನನಗೆ ಒಲಿಯುವುದಿಲ್ಲ. ವಿಮರ್ಶೆಗೆ ಬೇಕಾದ ಓದು ವಾಣಿಜ್ಯ ವಿಭಾಗದ ನನಗೆ ಎಲ್ಲಿಂದ ಬರಬೇಕು? ಆದ್ದರಿಂದ ನನಗೆ ಅಲ್ಪಸ್ವಲ್ಪ ಗೊತ್ತಿರುವ ಒಂದೇ ವಿಷಯದ ಬಗ್ಗೆ, ಅಂದರೆ ಮೀನು ಸಾಕುವುದರ ಬಗ್ಗೆ, ಬರೆಯುತ್ತಿದ್ದೇನೆ. ನಗಬೇಡಿ. ಇದರಲ್ಲಿ ಒಂದು ತಪ್ಪೊಪ್ಪಿಗೆ ಇದೆ, ಒಂದು ಜಗಳವೂ ಇದೆ.

ಮೊದಲು ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ ದೀಪಾವಳಿ ಸೂಟಿಯಲ್ಲಿ ನನ್ನ ತಂಗಿಗೆಂದು ಪುಣೆಯ ಒಂದು ಅಂಗಡಿಯಿಂದ ಎರಡು ಗೋಲ್ಡ್‌ಫಿಶ್ ತಂದೆ. ಜೊತೆಗೆ ನಾಲ್ಕು ಲೀಟರು ಹಿಡಿಯುವ ದುಂಡನೆ ಗಾಜಿನ ಬೋಗುಣಿ, ಒಂದು ಪೊಟ್ಟಣ ಬಣ್ಣದ ಕಲ್ಲು. ಪ್ಲಾಸ್ಟಿಕ್ ಚೀಲದಲ್ಲಿದ್ದ ಮೀನನ್ನು ಎದೆಗೆ ಅವಚಿಕೊಂಡು ಬಸ್ಸಿನಲ್ಲಿ ದಿವೆ ಘಾಟು ಹತ್ತಿ ಸಾಸವಡಕ್ಕೆ ಬಂದೆ. ಘಾಟಿನ ತಿರುವಿನಲ್ಲಿ ಕೆಳಗೆ ಮಸ್ತಾನಿ ಕೆರೆ ಕಾಣುತ್ತದಲ್ಲ, ಅದನ್ನು ಮೀನಿಗೂ ತೋರಿಸಿದೆ, ಅಷ್ಟು ಹುಚ್ಚು. ಅಂಗಡಿಯವರು, "ತಣ್ಣೀರಿನ ಮೀನು, ಬಹಳ ಗಟ್ಟಿ. ಹೀಟರು ಬೇಡ, ಏನೂ ಬೇಡ. ದಿನಾ ನೀರು ಬದಲಿಸಿದರಾಯ್ತು" ಅಂತ ಮರಾಠಿಯಲ್ಲಿ ಧೈರ್ಯ ಹೇಳಿದ್ದರು.

ಒಂದು ಮೀನು ಐದನೆಯ ದಿನ ಸತ್ತಿತು. ಇನ್ನೊಂದು ಎಂಟನೆಯ ದಿನ. ತಂಗಿ ಅತ್ತಳು. ಮತ್ತೆ ಎರಡು ತಂದೆ. ಅವೂ ಹದಿನೈದು ದಿನ ದಾಟಲಿಲ್ಲ. ಆಗ ಅವಳು ಅಳಲಿಲ್ಲ. "ಅಣ್ಣಾ, ಇನ್ನ ತರಬ್ಯಾಡ" ಅಂದಳು. ಅವಳು ಅತ್ತದ್ದಕ್ಕಿಂತ ಅಳದೆ ಇದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ಈಗ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಹೊಸದಾಗಿ ಮೀನು ಸಾಕುವವರಿಗೆ "ಗಟ್ಟಿ ಮೀನು ಕೊಡಿ" ಅನ್ನುವ ಸಲಹೆ ಅರ್ಧ ಸತ್ಯ. ಗಟ್ಟಿ ಮೀನು ಅಂದರೆ ಸಾಯದ ಮೀನಲ್ಲ, ನಿಧಾನವಾಗಿ ಸಾಯುವ ಮೀನು. ನಮ್ಮ ತಪ್ಪನ್ನು ಅದು ನಾಲ್ಕು ದಿನ ಹೆಚ್ಚು ಸಹಿಸುತ್ತದೆ ಅಷ್ಟೆ. ಆ ನಾಲ್ಕು ದಿನದಲ್ಲಿ ನಾವು ಕಲಿಯಬೇಕು. ಕಲಿಯದೆ ಹೋದರೆ ಅದರ ಗಟ್ಟಿತನ ನಮ್ಮ ಸೋಮಾರಿತನಕ್ಕೆ ಸಿಕ್ಕ ಸಾಲ.

ಹಾಗಾದರೆ ಆ ನಾಲ್ಕು ಮೀನು ಸತ್ತದ್ದು ಯಾತಕ್ಕೆ? ಹಸಿವಿನಿಂದಲ್ಲ, ಚಳಿಯಿಂದಲೂ ಅಲ್ಲ. ನೀರಿನಿಂದ.

ಇಲ್ಲಿ ಒಂದು ನಾಚಿಕೆಯ ಮಾತು. ನಾನು ವಿಜಾಪುರ ಜಿಲ್ಲೆಯಲ್ಲಿ ಅಜ್ಜಿಯ ಮನೆಯಲ್ಲಿದ್ದು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. "ಸಾರಜನಕ ಚಕ್ರವನ್ನು ಚಿತ್ರ ಸಹಿತ ವಿವರಿಸಿ" ಅನ್ನುವ ಪ್ರಶ್ನೆಗೆ ಬಾಣದ ಗುರುತು ಹಾಕಿ ಪೂರ್ತಿ ಅಂಕ ತೆಗೆದವನು. ಮೀನು ಸತ್ತ ಮೇಲೆ ಮೊಬೈಲಿನಲ್ಲಿ ಇಂಗ್ಲಿಷ್ ವಿಡಿಯೋಗಳನ್ನು ನೋಡುತ್ತ ಕೂತೆ. ಅವರು ಮಾತುಮಾತಿಗೆ 'ನೈಟ್ರೋಜನ್ ಸೈಕಲ್' ಅನ್ನುತ್ತಿದ್ದರು. ಇದೇನೋ ದೊಡ್ಡ ವಿದ್ಯೆ, ನಮ್ಮಂಥವರಿಗಲ್ಲ ಅಂದುಕೊಂಡು ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ಬಸ್ಸಿನಲ್ಲಿ ಹೊಳೆಯಿತು: ಅರೆ, ಇದು ನನ್ನ ಸಾರಜನಕ ಚಕ್ರವೇ! ನಮ್ಮೂರ ಶಾಲೆಯ ಕರಿಹಲಗೆಯ ಮೇಲೆ ಗುರುಗಳು ಬರೆಸಿದ್ದೇ ಇದು. ನಾವು ಕನ್ನಡದಲ್ಲಿ ಕಲಿತದ್ದನ್ನು ಪರೀಕ್ಷೆಗೆ ಮಾತ್ರ ಅಂತ ತಿಳಿದು, ಬದುಕಿಗೆ ಬೇಕಾದ ಜ್ಞಾನ ಇಂಗ್ಲಿಷಿನಲ್ಲೇ ಬರುತ್ತದೆಂದು ಕಾಯುತ್ತ ಕೂಡುತ್ತೇವೆ. ನನ್ನ ನಾಲ್ಕು ಮೀನು ಸತ್ತದ್ದರಲ್ಲಿ ಈ ಕೀಳರಿಮೆಯ ಪಾಲೂ ಇದೆ ಅಂತ ನನಗೆ ಅನ್ನಿಸುತ್ತದೆ.

ಸಂಗತಿ ಸರಳವಾಗಿದೆ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯ ಹೊರಹಾಕುತ್ತದೆ. ಹಿಕ್ಕೆ, ಉಳಿದ ಆಹಾರ ಕೊಳೆತರೂ ಅಮೋನಿಯವೇ. ಅದು ಮೀನಿಗೆ ವಿಷ. ಹೊಳೆಯಲ್ಲಾದರೆ ಹರಿದು ಹೋಗುತ್ತದೆ. ಬೋಗುಣಿಯಲ್ಲಿ ಎಲ್ಲಿಗೆ ಹೋಗಬೇಕು? ಕಲ್ಲು, ಮರಳು, ಸ್ಪಂಜುಗಳ ಮೇಲೆ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಗಳು ಈ ಅಮೋನಿಯವನ್ನು ನೈಟ್ರೈಟು ಮಾಡುತ್ತವೆ. ಅದೂ ವಿಷವೇ, ರಕ್ತ ಆಮ್ಲಜನಕ ಹೊರುವುದನ್ನು ಕೆಡಿಸುತ್ತದೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟು ಮಾಡುತ್ತವೆ. ನೈಟ್ರೇಟು ಅಷ್ಟು ಅಪಾಯವಲ್ಲ. ನೀರಿನ ಗಿಡಗಳು ಅದನ್ನು ಉಣ್ಣುತ್ತವೆ, ಉಳಿದದ್ದನ್ನು ನಾವು ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಿಸಿ ತೆಗೆಯಬಹುದು. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯ ಬೆಳೆದು ನಿಲ್ಲಲಿಕ್ಕೆ ಮೂರರಿಂದ ಆರು ವಾರ ಬೇಕು. ನಾನು ಕೊಟ್ಟದ್ದು ಮೂರು ತಾಸು. ಸಾಲದ್ದಕ್ಕೆ ದಿನವೂ ಪೂರ್ತಿ ನೀರು ಚೆಲ್ಲಿ, ಕಲ್ಲು ತಿಕ್ಕಿ ತೊಳೆದು, ಬೆಳೆಯಬೇಕೆಂದಿದ್ದ ಬ್ಯಾಕ್ಟೀರಿಯವನ್ನೂ ಬಚ್ಚಲಿಗೆ ಕಳಿಸಿದೆ. ಮೇಲಿಂದ ಕ್ಲೋರಿನ್ ಇದ್ದ ನಳದ ನೀರನ್ನು ನೇರ ಸುರಿದೆ. ಕ್ಲೋರಿನ್ ಕಿವಿರನ್ನು ಸುಡುತ್ತದೆ. ಇಷ್ಟಾದ ಮೇಲೂ ಎಂಟು ದಿನ ಬದುಕಿತಲ್ಲ, ಆ ಮೀನು ಗಟ್ಟಿಯೇ ಸರಿ.

ಅವ್ವನಿಗೆ ಇದನ್ನು ವಿವರಿಸಿದಾಗ ಅವಳು ಒಂದೇ ಮಾತಿನಲ್ಲಿ ಮುಗಿಸಿದಳು: "ಹಂಗಂದ್ರ ಹೆಪ್ಪು ಹಾಕಿದಂಗ ಅನ್ನು." ಹೌದು, ಹೆಪ್ಪೇ. ಹಾಲು ಕಾಸಿ ಹೆಪ್ಪು ಹಾಕಿ ರಾತ್ರಿಯಿಡೀ ಅಲುಗಿಸದೆ ಇಟ್ಟರೆ ಮೊಸರು. ಹಾಗೆ ತೊಟ್ಟಿ ತುಂಬಿಸಿ, ದಿನಾ ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿ ಕೊಳೆಯಲು ಬಿಟ್ಟು, ಮೀನಿಲ್ಲದೆ ಒಂದು ತಿಂಗಳು ಕಾಯಬೇಕು. ಗೆಳೆಯರ ಹಳೆಯ ತೊಟ್ಟಿಯ ಸ್ಪಂಜಿನ ಒಂದು ತುಂಡು ಸಿಕ್ಕರೆ ಅದೇ ನಿಜವಾದ ಹೆಪ್ಪು, ಕಾಯುವ ದಿನ ಕಡಿಮೆಯಾಗುತ್ತದೆ. ಮೊದಲು ಸಾಕಬೇಕಾದದ್ದು ನೀರನ್ನು, ಮೀನನ್ನಲ್ಲ.

ಇನ್ನು ಬೋಗುಣಿಯ ವಿಷಯ. ಗೋಲ್ಡ್‌ಫಿಶ್ ಚೀನಾ ದೇಶದಲ್ಲಿ ಸಾವಿರ ವರ್ಷದ ಹಿಂದಿನಿಂದ ಸಾಕಿ ಬೆಳೆಸಿದ ಮೀನು. ಗೆಂಡೆಯ ಜಾತಿ. ಸರಿಯಾಗಿ ನೋಡಿಕೊಂಡರೆ ಗೇಣುದ್ದ ಬೆಳೆದು ಹತ್ತು ವರ್ಷ ಮೀರಿ ಬದುಕುವ ಜೀವ. ಅಂಥದನ್ನು ನಾಲ್ಕು ಲೀಟರಿನಲ್ಲಿ ಇಟ್ಟು 'ಸಣ್ಣ ಮೀನು' ಅನ್ನುತ್ತೇವೆ. ಅದು ಸಣ್ಣದಲ್ಲ, ಮರಿ. ದುಂಡು ಬೋಗುಣಿಯ ಬಾಯಿ ಕಿರಿದು, ಗಾಳಿ ಸೋಕುವ ನೀರಿನ ಮೈ ಕಡಿಮೆ, ಆಮ್ಲಜನಕವೂ ಕಡಿಮೆ. ಇಟಲಿಯ ಮೋಂಜಾ ನಗರದಲ್ಲಿ ೨೦೦೪ರಲ್ಲಿ, ರೋಮ್ ನಗರದಲ್ಲಿ ೨೦೦೫ರಲ್ಲಿ ಇಂಥ ಬೋಗುಣಿಗಳಲ್ಲಿ ಮೀನು ಇಡುವುದನ್ನೇ ನಿಷೇಧಿಸಿದರು. ನಮ್ಮಲ್ಲಿ ಹುಟ್ಟುಹಬ್ಬದ ಉಡುಗೊರೆಯಾಗಿ ಕೊಡುತ್ತೇವೆ.

ಹಾಗಾದರೆ ಯಾವ ಮೀನು? ನನ್ನ ಮತ ಜೀಬ್ರಾ ಡೇನಿಯೊ ಎಂಬ ಪಟ್ಟೆ ಮೀನಿಗೆ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ನಾಲ್ಕೈದು ಸೆಂಟಿಮೀಟರು. ಮೈಮೇಲೆ ತಲೆಯಿಂದ ಬಾಲದವರೆಗೆ ನೀಲಿ ಪಟ್ಟೆ. ನಮ್ಮದೇ ಉಪಖಂಡದ ಕೊಳ, ಕಾಲುವೆ, ಭತ್ತದ ಗದ್ದೆಗಳ ಮೀನು. ಇತಿಹಾಸ ಓದುವ ಗೆಳೆಯರಿಗೆ ಒಂದು ಸ್ವಾರಸ್ಯ ಹೇಳುತ್ತೇನೆ. ಟಿಪ್ಪು ಸುಲ್ತಾನ ಮಡಿದ ಮರುವರ್ಷ, ೧೮೦೦ರಲ್ಲಿ, ಕಂಪನಿ ಸರಕಾರದ ಅಪ್ಪಣೆಯಂತೆ ಮೈಸೂರು, ಕೆನರಾ, ಮಲಬಾರು ಸುತ್ತಿ ಬೆಳೆ, ತೆರಿಗೆ, ಜಾತಿ, ಕಸುಬು ಎಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್‌ನ ಹೆಸರು ನೀವು ಕೇಳಿದ್ದೀರಿ. ಆ ಪುಸ್ತಕ ಅಚ್ಚಾದದ್ದು ೧೮೦೭ರಲ್ಲಿ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಧರಿಸಿದ ಅದೇ ಮನುಷ್ಯ ೧೮೨೨ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಇನ್ನೊಂದು ಪುಸ್ತಕ ಬರೆದ. ನಮ್ಮ ಈ ಪಟ್ಟೆ ಮೀನಿಗೆ ಶಾಸ್ತ್ರದ ಹೆಸರು ಬಂದದ್ದು ಅದರಲ್ಲಿ. ಜಗತ್ತಿನ ಪ್ರಯೋಗಾಲಯಗಳಿಗೂ ಈ ಮೀನು ಹೋಗಿದೆ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಎಂಬ ವಿಜ್ಞಾನಿ ೧೯೮೧ರಲ್ಲಿ ಇದರ ತದ್ರೂಪಿ ತಳಿಗಳನ್ನು ಪಡೆದದ್ದನ್ನು ಪ್ರಕಟಿಸಿದ ಮೇಲೆ ಅನುವಂಶಿಕ ವಿಜ್ಞಾನದಲ್ಲಿ ಇದಕ್ಕೆ ದೊಡ್ಡ ಸ್ಥಾನ ಸಿಕ್ಕಿತು. ಅಂಗಡಿಯಲ್ಲಿ ಹದಿನೈದು ರೂಪಾಯಿಗೆ ಸಿಗುವ ಮೀನಿನ ಕುಲಗೋತ್ರ ಇಷ್ಟು ದೊಡ್ಡದು.

'ತಣ್ಣೀರಿನ ಮೀನು' ಅನ್ನುವ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಮನೆಯೊಳಗೆ ಬೆಂಕಿ ಹಾಕಿಕೊಂಡು ಬದುಕುವ ಶೀತದೇಶದವರು ಮಾಡಿದ ವಿಂಗಡಣೆ ಇದು: ಹೀಟರು ಬೇಕಾದದ್ದು ಉಷ್ಣವಲಯದ ಮೀನು, ಬೇಡವಾದದ್ದು ತಣ್ಣೀರಿನ ಮೀನು. ನಮ್ಮ ಸಾಸವಡದಲ್ಲಿ ಪುಷ್ಯ ಮಾಸದ ರಾತ್ರಿ ಹಲ್ಲು ಕಟಕಟ ಅನ್ನುತ್ತದೆ, ಏಪ್ರಿಲ್ ಮಧ್ಯಾಹ್ನ ತಗಡಿನ ಮನೆ ಒಲೆಯಾಗುತ್ತದೆ. ಆದ್ದರಿಂದ ಅವರ ಪುಸ್ತಕದ ಪಟ್ಟಿ ನಮಗೆ ಹಾಗೇ ಹೊಂದುವುದಿಲ್ಲ. ಚೀನಾದ ಕ್ಯಾಂಟನ್ ಬಳಿಯ ಬಿಳಿಮೋಡದ ಬೆಟ್ಟದಿಂದ ಬಂದ 'ವೈಟ್ ಕ್ಲೌಡ್' ಎಂಬ ಪುಟ್ಟ ಮೀನನ್ನು ಎಲ್ಲರೂ ಹೊಸಬರಿಗೆ ಹೇಳುತ್ತಾರೆ. ಅದಕ್ಕೆ ಶಾಸ್ತ್ರದ ಹೆಸರು ಬಂದದ್ದು ೧೯೩೨ರಲ್ಲಿ, ಅದನ್ನು ಕಂಡ ಟಾನ್ ಎಂಬ ಸ್ಕೌಟು ನಾಯಕನ ನೆನಪಿಗೆ. ಚೆಲುವಾದ ಮೀನು, ಚಳಿಗೆ ಗಟ್ಟಿ. ಆದರೆ ೧೪ರಿಂದ ೨೨ ಡಿಗ್ರಿಯ ನೀರು ಅದಕ್ಕೆ ಹಿತ. ನಮ್ಮ ಬೇಸಿಗೆಯಲ್ಲಿ ಪಾಪ, ಬೇಯುತ್ತದೆ. ನಮಗೆ ಬೇಕಾದದ್ದು ಚಳಿ, ಸೆಕೆ ಎರಡನ್ನೂ ತಾಳುವ ಮೀನು. ಡೇನಿಯೊ ತಾಳುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ತೊಂದರೆ ಉಂಟು. ಸಮುದ್ರಮಟ್ಟದಲ್ಲಿ ೧೫ ಡಿಗ್ರಿಯ ಒಂದು ಲೀಟರು ನೀರು ಸುಮಾರು ೧೦ ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, ೩೦ ಡಿಗ್ರಿಯ ನೀರು ಹಿಡಿಯುವುದು ಏಳೂವರೆ ಮಾತ್ರ. ಸೆಕೆಗೆ ಮೀನಿನ ಉಸಿರಾಟ ಹೆಚ್ಚಾಗುತ್ತದೆ, ಉಸಿರಾಡಲು ಸಿಗುವುದು ಕಡಿಮೆಯಾಗುತ್ತದೆ. ಅದಕ್ಕೇ ತೊಟ್ಟಿಯನ್ನು ಕಿಟಕಿಯ ಬಿಸಿಲಿಗೆ ಇಡಬಾರದು. ನಾನು ನಮ್ಮ ಮನೆಯ ಮಣ್ಣಿನ ಕೊಡದ ಪಕ್ಕದ ಮೂಲೆಯಲ್ಲಿ, ನೆಲಕ್ಕೆ ಹತ್ತಿರ ಇಟ್ಟಿದ್ದೇನೆ. ಮನೆಯಲ್ಲಿ ಅದೇ ತಂಪು ಜಾಗ. ಮಧ್ಯಾಹ್ನ ಸುತ್ತ ಒದ್ದೆ ಬಟ್ಟೆ ಸುತ್ತುತ್ತೇನೆ. ಕರೆಂಟು ಹೋಗಿ ಗಾಳಿಯ ಪಂಪು ನಿಂತರೆ ತಂಬಿಗೆಯಿಂದ ನೀರು ಎತ್ತಿ ಎತ್ತಿ ಸುರಿಯುವುದು ತಂಗಿಯ ಕೆಲಸ.

ಇನ್ನು ಜಗಳ. ಅವ್ವ ಕೇಳಿದ್ದು: "ಮಂದಿಗೆ ಕುಡಿಯಾಕ ನೀರಿಲ್ಲ, ನಿನ್ನ ಮೀನಿಗೆ ಎಲ್ಲಿಂದ ತರ್ತೀಯೋ ತಮ್ಮಾ?" ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಪುರಂದರ ತಾಲೂಕು ಮೊದಲಿನಿಂದ ಬರದ ತಾಲೂಕು. ಸಂಗಮೇಶ್ವರ ಗುಡಿಯ ಮೆಟ್ಟಿಲ ಮೇಲೆ ನಿಂತರೆ ಬೇಸಿಗೆಯಲ್ಲಿ ಕರ್ಹಾ ನದಿಯ ನೀರಿಗಿಂತ ಕಲ್ಲೇ ಹೆಚ್ಚು ಕಾಣುತ್ತದೆ. ನಮ್ಮದೂ ಬರದ ಜಿಲ್ಲೆಯೇ, ಬರದಿಂದ ಬರಕ್ಕೆ ಗುಳೆ ಬಂದವರು ನಾವು. ಅಪ್ಪ ಜೇಜುರಿಯ ಕಡೆ ಕಾರಖಾನೆಗೆ ಹೋಗುತ್ತಾರೆ. ನೀರು ಹಿಡಿದಿಡುವುದು ಅವ್ವನ ಪಾಲು. ಅವಳ ಬೆನ್ನಿನ ಮೇಲೆ ನನ್ನ ಹವ್ಯಾಸ ನಡೆಯಬಾರದು.

ವಾಣಿಜ್ಯದವನಲ್ಲವೇ, ಲೆಕ್ಕ ಹಾಕಿ ತೋರಿಸಿದೆ. ಬೋಗುಣಿಗೆ ದಿನಕ್ಕೆ ನಾಲ್ಕು ಲೀಟರು ಬದಲಿ, ತಿಂಗಳಿಗೆ ೧೨೦ ಲೀಟರು. ಅಷ್ಟು ಖರ್ಚಾಗಿ ಕೊನೆಗೆ ಹೆಣ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಎರಡು ಘನ ಅಡಿ, ಅಂದರೆ ೫೬ ಲೀಟರು. ಸ್ವಲ್ಪ ಖಾಲಿ ಬಿಟ್ಟು ತುಂಬಿದರೆ ೪೫. ಇದು ಒಮ್ಮೆ ಹಾಕುವ ಬಂಡವಾಳ. ಮುಂದೆ ವಾರಕ್ಕೆ ಹತ್ತು ಲೀಟರು ಬದಲಿ, ಆವಿಯಾದದ್ದಕ್ಕೆ ಇನ್ನಷ್ಟು, ಎಲ್ಲ ಸೇರಿ ತಿಂಗಳಿಗೆ ೬೦ ಲೀಟರು. ಬೋಗುಣಿಯ ಅರ್ಧ! ಅದೂ ದಂಡವಲ್ಲ. ತೆಗೆದ ನೀರಿನಲ್ಲಿ ನೈಟ್ರೇಟು ಇರುತ್ತದೆ, ಅದು ಗಿಡಕ್ಕೆ ಗೊಬ್ಬರ. ನಮ್ಮ ಅಂಗಳದಲ್ಲಿ ಒಂದು ತುಳಸಿ, ಒಂದು ಅಂಜೂರದ ಸಸಿ ಇವೆ. ಅವಕ್ಕೆ ಹೇಗೂ ಅವ್ವ ಒಳ್ಳೆಯ ನೀರನ್ನೇ ಹಾಕುತ್ತಿದ್ದಳು, ಈಗ ಮೀನಿನ ನೀರು ಹಾಕುತ್ತಾಳೆ. ಜಮೆಗೂ ಖರ್ಚಿಗೂ ಹೆಚ್ಚುಕಡಿಮೆ ಸರಿಹೋಯಿತು. ನಾಲ್ಕು ವ್ಯಾಟಿನ ಪಂಪು ಹಗಲಿರುಳು ನಡೆದರೆ ತಿಂಗಳಿಗೆ ಮೂರು ಯುನಿಟ್ಟು ಕರೆಂಟು. ಹಳೆಯ ತೊಟ್ಟಿ ೫೨೦ ರೂಪಾಯಿ, ಪಂಪು ಮತ್ತು ಸ್ಪಂಜಿನ ಫಿಲ್ಟರು ೩೪೦, ಆರು ಮೀನು ೯೦, ಆಹಾರ ೬೦: ಒಟ್ಟು ೧೦೧೦. ಟ್ಯೂಷನ್ ಹೇಳಿ ಗಳಿಸಿದ ದುಡ್ಡು.

ಆದರೂ ಒಂದು ಮಾತಿಗೆ ನಾನು ಬದ್ಧ. ನೀರು ಬೆಲೆಕೊಟ್ಟು ಕೊಳ್ಳುವ ದಿನ ಬಂದರೆ ತೊಟ್ಟಿ ದೊಡ್ಡದು ಮಾಡುವ ಆಸೆ ಬಿಡಬೇಕು. ಟ್ಯಾಂಕರಿನ ನೀರಾದರೆ ಇನ್ನೂ ಎಚ್ಚರ. ಅದಕ್ಕೆ ಬ್ಲೀಚಿಂಗ್ ಪುಡಿ ಹಾಕಿರುತ್ತಾರೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಎರಡು ದಿನ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಬಳಸಬೇಕು. ಹಾಗಿಟ್ಟ ನೀರು ತೊಟ್ಟಿಯಷ್ಟೇ ತಂಪಾಗಿಯೂ ಇರುತ್ತದೆ. ಗಟ್ಟಿ ಮೀನು ಕೂಡ ಒಮ್ಮೆಲೇ ಆಗುವ ಬದಲಾವಣೆಯನ್ನು ತಾಳುವುದಿಲ್ಲ.

ಉಳಿದ ನಿಯಮಗಳು ಚಿಕ್ಕವು. ಡೇನಿಯೊ ಗುಂಪಿನ ಮೀನು, ಆರಕ್ಕೆ ಕಡಿಮೆ ತರಬೇಡಿ, ಒಂಟಿಯಾದರೆ ಹೆದರುತ್ತದೆ. ಮೇಲೆ ಜಾಳಿಗೆಯ ಮುಚ್ಚಳ ಬೇಕೇ ಬೇಕು. ನನ್ನ ಆರರಲ್ಲಿ ಒಂದು ಎರಡನೆಯ ರಾತ್ರಿಯೇ ಹಾರಿ ನೆಲಕ್ಕೆ ಬಿದ್ದು ಸತ್ತಿತು, ಆ ಪಾಪವೂ ನನ್ನದೇ. ಬಣ್ಣ ಚುಚ್ಚಿದ ಗಾಜುಮೀನುಗಳನ್ನು ಕೊಳ್ಳಬೇಡಿ. ಕೊಂಡರೆ ಚುಚ್ಚುವವರಿಗೆ ಪ್ರೋತ್ಸಾಹ. ಆಹಾರ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಹಸಿವಿನಿಂದ ಸತ್ತ ಸಾಕುಮೀನುಗಳಿಗಿಂತ ಅತಿಯಾದ ಪ್ರೀತಿಯಿಂದ ಸತ್ತವೇ ಹೆಚ್ಚು. ವಾರಕ್ಕೊಂದು ದಿನ ಏನೂ ಹಾಕದಿದ್ದರೂ ನಡೆಯುತ್ತದೆ. ಸೋಪಾನದೇವರ ಸಮಾಧಿ ಇರುವ ಊರು ನಮ್ಮದು, ಆಷಾಢಕ್ಕೆ ಮುಂಚೆ ಜ್ಞಾನೇಶ್ವರರ ಪಾಲಕಿ ಬಂದು ತಂಗುವ ಊರು. ಇಲ್ಲಿ ಮೀನಿಗೂ ಏಕಾದಶಿ ಇದ್ದರೆ ತಪ್ಪೇನು?

ನಮ್ಮ ಬಳಗದ ಒಬ್ಬ ಕವಿಮಿತ್ರರು, "ಹೊಳೆಯಲ್ಲಿ ಇರಬೇಕಾದದ್ದನ್ನು ಗಾಜಿನೊಳಗೆ ಕೂಡಿಹಾಕಿ ಇಷ್ಟೆಲ್ಲ ಧರ್ಮ ಮಾತಾಡುತ್ತೀಯಲ್ಲ?" ಎಂದು ಕೇಳಿದರು. ಈ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅಂಗಡಿಗೆ ಬರುವ ಡೇನಿಯೊಗಳು ಹೆಚ್ಚಾಗಿ ಸಾಕಣೆಯ ಕೊಳಗಳಲ್ಲೇ ಹುಟ್ಟಿದವು, ಹೊಳೆಯನ್ನು ಕಂಡವಲ್ಲ ಎನ್ನಬಹುದು. ಅದು ಸಮಾಧಾನವೇ ಹೊರತು ಉತ್ತರವಲ್ಲ. ಒಂದು ಮಾತ್ರ ಖಂಡಿತ: ಬೇಜಾರಾಯಿತೆಂದು ಬಾವಿಗೋ ನದಿಗೋ ಬಿಡುವುದು ಪುಣ್ಯವಲ್ಲ. ಸೊಳ್ಳೆ ಮರಿ ತಿನ್ನಲಿ ಎಂದು ೧೯೨೮ರಲ್ಲಿ ಇಟಲಿಯಿಂದ ತರಿಸಿದ ಗ್ಯಾಂಬೂಸಿಯ ಮೀನು ನಮ್ಮ ಕೆರೆಕುಂಟೆಗಳಲ್ಲಿ ಹಬ್ಬಿತು. ಅದು ಇತರ ಮೀನುಗಳ ಮೊಟ್ಟೆಮರಿಯನ್ನೂ ತಿನ್ನುತ್ತದೆ. ಜಗತ್ತಿನ ಅತಿ ಕೆಟ್ಟ ನೂರು ಪರಸ್ಥಳದ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುತ್ತೇವೆ. ಅವು ಅಲ್ಲಿಯವೇ, ಯಾರೂ ತಂದು ಬಿಟ್ಟವಲ್ಲ. ಸಾಕಲು ಆಗದಿದ್ದರೆ ಸಾಕುವವರಿಗೆ ಕೊಡಿ. ಅದೂ ಆಗದೆಂದು ಮೊದಲೇ ಅನ್ನಿಸಿದರೆ ತರಲೇಬೇಡಿ. ರೂಮು ಮಾಡಿಕೊಂಡು ಇರುವ ಗೆಳೆಯರು, ಸೂಟಿಗೆ ತಿಂಗಳುಗಟ್ಟಲೆ ಊರಿಗೆ ಹೋಗುವವರು, ಇದನ್ನು ಎರಡು ಸಲ ಯೋಚಿಸಿ.

ನನ್ನ ತಂಗಿ ಆ ಒಂದು ತಿಂಗಳು ಖಾಲಿ ತೊಟ್ಟಿಯನ್ನು ನೋಡಿ ದಿನಾ ನಗುತ್ತಿದ್ದಳು. "ಅಣ್ಣಾ, ನಿನ್ನ ನೀರು ಏನಂತೈತಿ?" ಅಂತ ಕೇಳುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ಆರು ಮೀನು ತಂದಾಗ ಹತ್ತಿರ ಬರಲಿಲ್ಲ. ಎಂಟು ದಿನ ದೂರದಿಂದಲೇ ನೋಡಿದಳು. ಒಂಬತ್ತನೆಯ ದಿನ ಬೆಳಿಗ್ಗೆ ಎದ್ದಾಗ ತೊಟ್ಟಿಯ ಮುಂದೆ ಕೂತು ಎಣಿಸುತ್ತಿದ್ದಳು: "ಒಂದು, ಎರಡು, ಮೂರು... ಐದೂ ಅದಾವ." ಅದು ಕಳೆದು ಒಂದು ವರ್ಷದ ಮೇಲಾಯಿತು. ಇವತ್ತಿಗೂ ಶಾಲೆಗೆ ಹೋಗುವ ಮುಂಚೆ ಎಣಿಸಿಯೇ ಹೋಗುತ್ತಾಳೆ.

ಇದು ನನ್ನ ಅಭಿಪ್ರಾಯ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ, ಉತ್ತರ ಕೊಡುತ್ತೇನೆ. ಒಪ್ಪುವವರು ಯಾರಾದರೂ ಹೊಸ ತೊಟ್ಟಿ ಇಟ್ಟರೆ ನನಗೆ ಹೇಳಿ. ನನ್ನ ಸ್ಪಂಜಿನ ಒಂದು ತುಂಡು ಕತ್ತರಿಸಿ ತಂದುಕೊಡುತ್ತೇನೆ. ಹೆಪ್ಪಿಗೆ ನಮ್ಮ ಕಡೆ ಯಾರೂ ದುಡ್ಡು ತೆಗೆದುಕೊಳ್ಳುವುದಿಲ್ಲ.